ಬೋರಲು ಹಾಕಿದ ಸೇರು

ನಮ್ಮ ಮನೆಯಲ್ಲಿ ತೊಳೆದ ಪಾತ್ರೆಗಳನ್ನೆಲ್ಲ ಬೋರಲು ಹಾಕಬಹುದು, ಒಂದು ಸೇರನ್ನು ಬಿಟ್ಟು. ಅಕ್ಕಿ ಅಳೆಯುವ ಕಬ್ಬಿಣದ ಸೇರು ಅದು. ಬಾಯಿಗೆ ಹಿತ್ತಾಳೆಯ ಪಟ್ಟಿ, ತಳದಲ್ಲಿ ಒಂದು ಕಡೆ ತಗ್ಗು. ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಯಾವಾಗಲೂ ಬಾಯಿ ಮೇಲೆ ಮಾಡಿಕೊಂಡೇ ಕೂತಿರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಸೇನಮ್ಮ ಪಾಪ, ಅದನ್ನೂ ತಿಕ್ಕಿ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದಳು. ನಾನು ಕಂಡವಳೇ ಚೀರಿ, ಓಡಿ ಹೋಗಿ ಎತ್ತಿಕೊಂಡೆ.

"ಯಾಕ್ರೀ ಅಕ್ಕೋರ, ಚೇಳು ಏನರ ಇತ್ತೇನ್ರಿ?" ಅಂದಳು.

"ಚೇಳಲ್ಲವ್ವ. ಈ ಸೇರು ಬೋರಲ ಹಾಕಿದ್ರ ಮಳಿ ನಿಂತಬಿಡ್ತದ."

ಹುಸೇನಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ರಾಯಚೂರಿನ ಬಿಸಿಲು ಆಗ ಹೇಗಿತ್ತೆಂದರೆ ಮಾಳಿಗೆಯ ಮೇಲೆ ಬರಿಗಾಲು ಇಡುವಂತಿರಲಿಲ್ಲ. "ನಿಲ್ಲಾಕ ಮಳಿ ಎಲ್ಲದರೀ?" ಎಂದು ಕೇಳಿ ತನ್ನ ಕೆಲಸಕ್ಕೆ ಹೋದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಮೋಡ ಹೇಗಾಗುತ್ತದೆ, ಮಳೆ ಹೇಗೆ ಬೀಳುತ್ತದೆ ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಹಾಕಿ ಸೀಮೆಸುಣ್ಣ ಸವೆಸಿದವಳು. ಆದರೂ ಸೇರನ್ನು ಒರೆಸಿ ಗೂಡಿನಲ್ಲಿ ಬಾಯಿ ಮೇಲೆ ಮಾಡಿಯೇ ಇಟ್ಟೆ.

ಇದನ್ನು ನಿಮಗೆ ತಿಳಿಯುವ ಹಾಗೆ ಹೇಳಬೇಕಾದರೆ ಒಮ್ಮೆ ಮಾನ್ವಿಗೆ ಹೋಗಿ ಬರಬೇಕು. ಅಲ್ಲಿ ನಮ್ಮಪ್ಪನದು ಒಂದು ಸಣ್ಣ ಅಕ್ಕಿ ಗಿರಣಿ. ಗಿರಣಿಗಿಂತ ಅದರ ಮುಂದಿನ ಸಿಮೆಂಟಿನ ಅಂಗಳವೇ ದೊಡ್ಡದು. ಹಸಿ ಭತ್ತ ಬಂದರೆ ಅಲ್ಲಿ ಹರವಿ ಒಣಗಿಸಿಯೇ ಗಿರಣಿಗೆ ಹಾಕಬೇಕು. ಅದನ್ನು ಕಾಲಿನಿಂದ ಗೀರು ಗೀರಾಗಿ ತಿರುವಿ ಹಾಕುವುದು ನಮ್ಮಂಥ ಮಕ್ಕಳ ಕೆಲಸ. ಸಂಜೆಯ ಹೊತ್ತಿಗೆ ಮೈಯೆಲ್ಲ ತುರಿಕೆ, ರೆಪ್ಪೆಯ ಮೇಲೆ ಧೂಳು. ಆದರೂ ಬಿಸಿ ಭತ್ತದಲ್ಲಿ ಪಾದ ಎಳೆದುಕೊಂಡು ನಡೆಯುವ ಸುಖ ನನಗೆ ಆಮೇಲೆ ಯಾವ ಚಪ್ಪಲಿಯಲ್ಲೂ ಸಿಕ್ಕಿಲ್ಲ.

ಬೇಸಿಗೆಯ ಬೆಳೆ ಬರುವ ಹೊತ್ತಿಗೆ ಮಧ್ಯಾಹ್ನದ ಅಡ್ಡಮಳೆಗಳೂ ಶುರುವಾಗುತ್ತಿದ್ದವು. ಅಪ್ಪ ಊಟ ಮಾಡುವಾಗಲೂ ಮುಖ ಬಾಗಿಲ ಕಡೆಗೇ. ಅಂಗೈ ಅಗಲದ ಮೋಡ ಕಂಡರೂ ಸಾಕು, "ತಾಡಪತ್ರಿ ತರ್ರಿ" ಎಂದು ಎಂಜಲು ಕೈಯಲ್ಲೇ ಎದ್ದುಬಿಡುತ್ತಿದ್ದ. ಎಲ್ಲರೂ ಓಡಿ ಭತ್ತವನ್ನು ರಾಶಿಗೆ ಎಳೆದು ತಾಡಪತ್ರಿ ಹೊದಿಸಿ ಅಂಚಿಗೆ ಕಲ್ಲಿಡಬೇಕು. ನನಗೆ ಒಂದು ಮೂಲೆ ಹಿಡಿಯುವ ಕೆಲಸ. ಗಾಳಿ ಬಂದರೆ ತಾಡಪತ್ರಿಯ ಜೊತೆ ನಾನೂ ಏಳುತ್ತಿದ್ದೆ, ಅಷ್ಟು ತೆಳ್ಳಗಿದ್ದೆ. ಈಗ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ, ಇರಲಿ ಬಿಡಿ.

ಭತ್ತ ಹೆಚ್ಚಾಗಿ ತಾಡಪತ್ರಿ ಸಾಲದೆ ಹೋದಾಗ ಅವ್ವ ಅಡುಗೆಮನೆಯಿಂದ ಬರುತ್ತಿದ್ದಳು. ಅಂಗಳದಿಂದ ಒಂದು ಹಿಡಿ ಭತ್ತ ತೆಗೆದುಕೊಂಡು ತಲೆಬಾಗಿಲ ಪಕ್ಕದ ಮೂಲೆಯಲ್ಲಿಟ್ಟು, ಅದರ ಮೇಲೆ ಈ ಸೇರನ್ನು ಬೋರಲು ಹಾಕುತ್ತಿದ್ದಳು. "ಮಳಿ ಕಟ್ಟೀನಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಮತ್ತೆ ಒಲೆಯ ಮುಂದೆ ಹೋಗಿ ಕೂರುವಳು. ಇದು ಅವಳಿಗೆ ಅವಳ ಅವ್ವನಿಂದ ಬಂದ ವಿದ್ಯೆ. ಅದಕ್ಕೆ ಅವಳದೇ ಕಾನೂನುಗಳಿದ್ದವು. ಕಟ್ಟುವುದೆಂದರೆ ಓಡಿಸುವುದಲ್ಲ. ಮೋಡ ಎಲ್ಲಿದೆಯೋ ಅಲ್ಲೇ ಇರುತ್ತದೆ, ಹನಿ ಮಾತ್ರ ಉದುರುವುದಿಲ್ಲ. ನಮ್ಮ ಅಂಗಳಕ್ಕಷ್ಟೇ ಎಂದು ಕಟ್ಟಲು ಬರುವುದಿಲ್ಲ, ಕಟ್ಟಿದರೆ ಎಲ್ಲರ ಮಳೆಯೂ ನಿಲ್ಲುತ್ತದೆ. ಹಾಗಾಗಿ ಭತ್ತ ಒಳಗೆ ಹೋದ ಕೂಡಲೇ ಸೇರು ಎತ್ತಲೇಬೇಕು.

ನಿಜ ಹೇಳಬೇಕೆಂದರೆ ಸೇರು ಹಾಕಿದ ಮೇಲೂ ಎಷ್ಟೋ ಸಲ ಮಳೆ ಧೋ ಎಂದು ಸುರಿದದ್ದುಂಟು. ಆಗ ಯಾರೋ ಸೇರು ಎತ್ತಿ ನೋಡಿದ್ದಾರೆಂದೇ ಅರ್ಥ. ಆ ಯಾರೋ ಎಂಬುದು ಸಾಮಾನ್ಯವಾಗಿ ನಾನೇ ಆಗಿರುತ್ತಿದ್ದೆ. ಒಳಗೆ ಮಳೆ ಹೇಗೆ ಕಟ್ಟಿಕೊಂಡು ಕೂತಿರುತ್ತದೆ ಎಂದು ನೋಡುವ ಆಸೆ. ವಿಜ್ಞಾನದ ಟೀಚರ್ ಆಗುವ ಲಕ್ಷಣ ಆಗಲೇ ಇತ್ತು ಅನ್ನಿ.

ಒಂದು ವರ್ಷ ಹೀಗೇ ಸೇರು ಹಾಕಿ, ಭತ್ತ ಒಳಗೆ ಸೇರಿದ ಖುಷಿಯಲ್ಲಿ ಎಲ್ಲರೂ ಬಂಡಿ ಕಟ್ಟಿಕೊಂಡು ಹೊಳೆದಂಡೆಯ ಗೂಗಲ್ ಊರಿಗೆ ಹೊರಟೆವು. ಅಲ್ಲಮಪ್ರಭುವಿಗೆ ಹೊತ್ತ ಹರಕೆ ಇತ್ತು. ಕೃಷ್ಣೆಯಲ್ಲಿ ಮುಳುಗಿ, ನೆಂಟರ ಮನೆಯಲ್ಲಿ ಉಂಡು, ಇನ್ನೊಂದು ದಿನ ಇರ್ರಿ ಎಂದರೆ ಇದ್ದು, ತಿರುಗಿ ಬಂದು ನೋಡಿದರೆ ಬಾಗಿಲ ಪಕ್ಕದಲ್ಲಿ ಸೇರು ಬೋರಲಾಗಿಯೇ ಇದೆ. ಅವ್ವನಿಗೆ ಎತ್ತುವುದು ಮರೆತೇ ಹೋಗಿತ್ತು. ಆ ವರ್ಷ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ತಡವಾಯಿತು. ಮಜ್ಜಿಗೆಗೆಂದು ಬಂದ ಓಣಿಯ ಸಂಗವ್ವ ಸೇರನ್ನು ನೋಡಿದಳು. "ಇದನ್ನ ಎತ್ತೂದು ಮರತಿದ್ದೇನಬೇ?" ಎಂದಷ್ಟೇ ಕೇಳಿ, ಮಜ್ಜಿಗೆ ತೆಗೆದುಕೊಳ್ಳದೆ ಹೋದಳು. ಬಿತ್ತಿದ ಅವಳ ಹೊಲ ಮಳೆಯಿಲ್ಲದೆ ಬಿದ್ದಿತ್ತು. ಅವ್ವ ಅವತ್ತಿನಿಂದ ಸೇರು ಬೋರಲು ಹಾಕಿದವಳಲ್ಲ. ನಾನು ಮದುವೆಯಾಗಿ ರಾಯಚೂರಿಗೆ ಬರುವಾಗ ಅಕ್ಕಿ ಅಳೆಯಲೆಂದು ಅದನ್ನು ನನಗೇ ಕೊಟ್ಟಳು. ಮಾನ್ವಿಯಿಂದ ಅದು ತೊಲಗಿದರೆ ಸಾಕಾಗಿತ್ತು ಅವಳಿಗೆ. ಈಗ ಅವ್ವನೂ ನನ್ನ ಜೊತೆಗೇ ಇದ್ದಾಳೆ. ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಮಾತ್ರ ಬಲು ಚುರುಕು.

ಇಂಥ ಮನೆಯಲ್ಲಿ ಬೆಳೆದವಳು ಪರದೇಶದಲ್ಲಿ ನಡೆಯುವ ಕ್ರಿಕೆಟ್ ಪಂದ್ಯವನ್ನು ನೆಮ್ಮದಿಯಿಂದ ನೋಡುವುದು ಸಾಧ್ಯವೇ ಹೇಳಿ. ರಾಯಚೂರಿನವರಿಗೆ ಮೋಡದ ಮೇಲೆ ಸಿಟ್ಟು ಬಂದದ್ದೇ ಕಡಿಮೆ. ಕಪ್ಪು ಮೋಡ ಬಂದರೆ ಹೊರಗೆ ಬಂದು ನಿಲ್ಲುವ ಜನ ನಾವು. ಆದರೆ ಇಂಗ್ಲೆಂಡಿನ ಮೋಡ ಹಾಗಲ್ಲ. ನಮ್ಮವರು ಗೆಲ್ಲುವ ಹೊತ್ತಿಗೇ ಸರಿಯಾಗಿ ಬಂದು ಕೂರುತ್ತದೆ. ಅಂಪೈರು ಆಕಾಶ ನೋಡಿದರೆ ಸಾಕು, ನಾನೂ ಎದ್ದು ಕಿಟಕಿಯಿಂದ ಆಕಾಶ ನೋಡುತ್ತೇನೆ. ಅಲ್ಲಿನವರು ತಾಡಪತ್ರಿ ಎಳೆಯುವುದನ್ನು ನೋಡಿದರೆ ಅದೊಂದು ಬೇರೆ ಸಂಕಟ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡದೆ ಎಳೆಯುತ್ತಾರೆ, ಮೂಲೆಗೆ ಭಾರ ಇಡುವುದಿಲ್ಲ. ನಮ್ಮಪ್ಪ ಇದ್ದಿದ್ದರೆ ಅಷ್ಟು ಜನರನ್ನೂ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದ. ಇದಕ್ಕಿಂತ ನಗೆಗೇಡಿನ ಮಾತು ಇನ್ನೊಂದಿದೆ. ಟಿವಿಯಲ್ಲಿ ಅಲ್ಲಿ ತಾಡಪತ್ರಿ ಬಂತೆಂದರೆ ನನ್ನ ಕಾಲು ತಾನೇ ಮಾಳಿಗೆಗೆ ಓಡುತ್ತದೆ. ಒಣಗಲು ಹಾಕಿದ ಮೆಣಸಿನಕಾಯಿ, ಸಂಡಿಗೆ ಎಲ್ಲವನ್ನೂ ಬಾಚಿಕೊಂಡು ಕೆಳಗೆ ಬಂದುಬಿಡುತ್ತೇನೆ. ಹೊರಗೆ ರಣ ಬಿಸಿಲು. ಪಕ್ಕದ ಮನೆಯವರು ಮೊದಮೊದಲು ಆಕಾಶ ನೋಡಿ ತಾವೂ ಸಂಡಿಗೆ ತೆಗೆಯುತ್ತಿದ್ದರು. ಈಗ, "ಇವತ್ತ ಮ್ಯಾಚ್ ಅದೇನ್ರಿ ಟೀಚರ್?" ಎಂದು ಕೇಳಿ ಸುಮ್ಮನಾಗುತ್ತಾರೆ.

ಟಿವಿಯ ಪಂದ್ಯಗಳಿಗೇ ಹೀಗಾಡುವ ನನಗೆ ನಮ್ಮ ಗಿರಿಜಾ ಇಂಗ್ಲೆಂಡಿಗೆ ಹೊರಟಾಗ ಹೇಗಾಗಿರಬೇಕು, ನೀವೇ ಯೋಚಿಸಿ. ಗಿರಿಜಾ ನನ್ನ ತಂಗಿ ನೀಲಾಳ ಮಗಳು. ನೀಲಾಳನ್ನು ಕೊಟ್ಟದ್ದು ದೇವದುರ್ಗಕ್ಕೆ. ಗಂಡ ಬಸಣ್ಣನದು ಹತ್ತಿ, ತೊಗರಿಯ ಹೊಲ. ಹುಡುಗಿ ಕಾಲೇಜಿಗೆಂದು ರಾಯಚೂರಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ಸ್ಪಿನ್ ಹಾಕುತ್ತಾಳೆ. ಕಲಿತದ್ದು ಮಾನ್ವಿಯಲ್ಲಿ, ಅದೇ ಗಿರಣಿಯ ಅಂಗಳದಲ್ಲಿ, ರಜೆಗೆಂದು ಬಂದಾಗ. ಅಂಗಳದ ಮೇಲೆ ಉಳಿದ ಭತ್ತದ ಕಾಳಿನ ಮೇಲೆ ಬಿದ್ದರೆ ಚೆಂಡು ಯಾವ ಕಡೆ ತಿರುಗುತ್ತದೋ ಹೇಳಲು ಬರುತ್ತಿರಲಿಲ್ಲ. "ಏನ್ ತಿರುಗತದಲೇ ನಿನ್ನ ಚೆಂಡು" ಎಂದು ಅವಳ ಸೋದರಮಾವ ಹೊಗಳಿದರೆ, "ನಂದಲ್ಲ ಮಾಮಾ, ಎಲ್ಲಾ ನೆಲ್ಲಿನ ಕಾಳಿಂದು" ಅನ್ನುತ್ತಿದ್ದಳು. ಆಮೇಲೆ ಕಾಳಿಲ್ಲದ ಕಡೆಯೂ ತಿರುಗತೊಡಗಿತು. ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಆಯ್ಕೆಯಾದಳು. ಅಲ್ಲಿನ ಯಾವುದೋ ವಿಶ್ವವಿದ್ಯಾಲಯದವರು ಮೂರು ಪಂದ್ಯ ಆಡಲು ಕರೆದಿದ್ದರು. ಹುಡುಗಿಯರು ಹೋದರು.

ಮೊದಲ ಪಂದ್ಯ ಅವರು ಗೆದ್ದರು, ಎರಡನೆಯದನ್ನು ನಮ್ಮವರು. ಎರಡರಲ್ಲೂ ಗಿರಿಜಾ ಹೊರಗೇ. ಫೋನ್ ಮಾಡಿದಳು. "ದೊಡ್ಡವ್ವ, ನೀರಿನ ಬಾಟ್ಲಿ ಹಿಡಕೊಂಡು ಓಡಾಡಾಕತ್ತೀನಿ. ಭಾಳ ಚಂದ ಓಡತೀನಂತ, ಎಲ್ಲಾರೂ ಹೇಳ್ತಾರ." ನಗುತ್ತಲೇ ಹೇಳಿದಳು. ಅವಳದು ಕಡೆಯ ವರ್ಷ, ಮುಂದಿನ ಸಲ ಈ ತಂಡದಲ್ಲಿ ಇರುವುದಿಲ್ಲ. ಮೂರನೆಯ ಪಂದ್ಯಕ್ಕೆ ಹನ್ನೊಂದು ಜನರಲ್ಲಿ ಸೇರಿಸಿದ್ದಾರೆಂದು ಸುದ್ದಿ ಬಂದಾಗ ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಮಾಳಿಗೆಯ ಮೆಣಸಿನಕಾಯಿಯನ್ನು ಮುಂಚಿತವಾಗಿಯೇ ಕೆಳಗೆ ತಂದಿಟ್ಟೆ.

ಅದೇ ವಾರ ದೇವದುರ್ಗದಲ್ಲಿ ಮಳೆಯ ದಾರಿ ಕಾಯುತ್ತಿದ್ದರು. ಮಿರಗದ ಮಳೆಗೆ ಬಿತ್ತಿದ್ದು ಎರಡೆಲೆ ಬಿಟ್ಟು ನಿಂತಿತ್ತು, ಆಮೇಲೆ ಹನಿ ಇಲ್ಲ. ನೀಲಾ ಓಣಿಯ ಹೆಂಗಸರ ಜೊತೆ ಗುಡಿಯಲ್ಲಿ ಭಜನೆಗೆ ಕೂರುತ್ತಿದ್ದಳು. ಪಂದ್ಯದ ದಿನ ಮಧ್ಯಾಹ್ನ ಫೋನ್ ಮಾಡಿ, "ಅಕ್ಕಾ, ನಾ ಏನಂತ ಬೇಡ್ಕೊಳ್ಳಲಿ? ಮಳಿ ಬರ್ಲಿ ಅಂತೀನಿ, ಅದು ಹೋಗಿ ಅಲ್ಲಿ ಬಂದ್ರ ಹ್ಯಾಂಗ?" ಎಂದಳು. "ಊರ ಹೆಸರು ಹೇಳಿ ಬೇಡ್ಕೊ. ತಾಲೂಕು ಜಿಲ್ಲಾನೂ ಹೇಳು" ಎಂದು ನಾನು ಟೀಚರಿನ ಧ್ವನಿಯಲ್ಲಿ ಸಲಹೆ ಕೊಟ್ಟೆ. ಅವಳು ಹಾಗೇ ಬೇಡಿಕೊಂಡಳೆಂದು ಆಮೇಲೆ ತಿಳಿಯಿತು.

ಆ ಪಂದ್ಯವನ್ನು ಯಾವ ಚಾನೆಲ್ಲೂ ತೋರಿಸುತ್ತಿರಲಿಲ್ಲ. ಮೈದಾನದ ಅಂಚಿನಲ್ಲಿ ಯಾರೋ ಒಂದು ಫೋನನ್ನು ಕೋಲಿಗೆ ಸಿಕ್ಕಿಸಿ ನಿಲ್ಲಿಸಿದ್ದರು. ಅದು ಕಂಡಷ್ಟನ್ನೇ ನಾವು ಕಾಣಬೇಕು. ನಡುವೆ ಪಿಚ್ಚು, ಹಿಂದೆ ಒಂದು ಮರ, ಮೇಲೆ ಬೂದಿ ಬಣ್ಣದ ಆಕಾಶ. ಚೆಂಡು ಜೋರಾಗಿ ಹೊಡೆದರೆ ಚಿತ್ರದ ಆಚೆ ಹೋಯಿತು, ಅದರ ಕಥೆ ಮುಗಿಯಿತು. ತಂಡದ ಜೊತೆ ಹೋಗಿದ್ದ ಮೇಡಂ ಪಾಲಕರ ಗ್ರೂಪಿಗೆ ಆಗಾಗ ಸ್ಕೋರು ಬರೆದು ಹಾಕುತ್ತಿದ್ದರು. ನಮ್ಮ ಮನೆಯವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಮೀಟರುಗಳನ್ನು ನೋಡುತ್ತಲೇ ಸರ್ವೀಸು ಮುಗಿಸಿದವರು. ಅವರ ಫೋನಿನಲ್ಲಿ ಇಂಗ್ಲೆಂಡಿನ ಮೋಡಗಳ ನಕ್ಷೆ ಇತ್ತು. "ಈ ಹಸಿರು ಅದಲ್ಲ, ಇದು ಸಣ್ಣ ಮಳಿ. ಆ ಹಳದಿ ಬಂತಂದ್ರ ಮುಗೀತು" ಎಂದು ತೋರಿಸುತ್ತಿದ್ದರು. ಹಳದಿ ಸರಿಯುತ್ತಲೇ ಇತ್ತು. ಅದನ್ನು ನನಗೆ ತೋರಿಸುವುದರಿಂದ ಅವರಿಗೆ ಏನು ಸಿಗುತ್ತಿತ್ತೋ ಗೊತ್ತಿಲ್ಲ.

ನಮ್ಮವರು ಮೊದಲು ಬ್ಯಾಟಿಂಗ್ ಮಾಡಿ ಒಳ್ಳೆಯ ಮೊತ್ತವನ್ನೇ ಮಾಡಿದ್ದರು. ಅವರ ಬ್ಯಾಟಿಂಗು ಶುರುವಾದಾಗ ವೇಗದ ಹುಡುಗಿಯರೇ ಬೌಲಿಂಗ್ ಮಾಡುತ್ತ ಹೋದರು. ಗಿರಿಜಾ ದೂರದಲ್ಲಿ ಮರದ ಕೆಳಗೆ ನಿಂತಿದ್ದಳು, ಒಂದು ಬಿಳಿ ಚುಕ್ಕೆ. "ಆಕಿಗಿ ಕೊಟ್ರೇನು?" ಎಂದು ಅವ್ವ ಪ್ರತಿ ಓವರಿಗೂ ಕೇಳುತ್ತಿದ್ದಳು. "ಇನ್ನೂ ಇಲ್ಲವ್ವ." "ಮ್ವಾಡ ಏನಂತದ?" "ನಿಂತದ." ದೀಪ ಹಚ್ಚುವ ಹೊತ್ತಾಯಿತು. ಅಷ್ಟರಲ್ಲಿ ಫೋನಿನ ಗಾಜಿನ ಮೇಲೆ ಒಂದು ಹನಿ ಬಿತ್ತು. ಆ ಹನಿ ಅಲ್ಲಿಯದು. ನಾನು ಸೆರಗಿನಿಂದ ನನ್ನ ಫೋನು ಒರೆಸಿದೆ.

ಆಟಗಾರರೆಲ್ಲ ಹೊರಗೆ ಹೋದರು. ಮೇಡಂ ಅವರ ಸಂದೇಶ ಬಂತು. ಇನ್ನೊಂದೇ ಓವರ್ ಆದರೆ, ಆಮೇಲೆ ಮಳೆ ಬಂದು ಆಟ ನಿಂತರೂ ಪಂದ್ಯಕ್ಕೆ ಫಲಿತಾಂಶ ಸಿಗುತ್ತದೆ, ಸದ್ಯ ನಾವು ಮುಂದಿದ್ದೇವೆ. ಆಗದಿದ್ದರೆ ಪಂದ್ಯ ರದ್ದು. ಬೆಳಕು ತೀರಾ ಕಡಿಮೆ ಇರುವುದರಿಂದ ವೇಗದ ಬೌಲಿಂಗ್ ಬೇಡ, ಸ್ಪಿನ್ ಆದರೆ ಮಾತ್ರ ಆಡಿಸುತ್ತೇವೆ ಎಂದು ಅಂಪೈರ್ ಹೇಳಿದ್ದಾರೆ. ಮಳೆ ನಿಂತರೆ ಗಿರಿಜಾ ಹಾಕುತ್ತಾಳೆ.

ಇದನ್ನು ಎರಡು ಸಲ ಓದಿದೆ. ಮೋಡ ಇಲ್ಲದಿದ್ದರೆ ಅವಳಿಗೆ ಚೆಂಡು ಸಿಗುತ್ತಿರಲಿಲ್ಲ. ಮಳೆ ಬಂದರೂ ಸಿಗುವುದಿಲ್ಲ. ಮೋಡ ಅಲ್ಲೇ ಇರಬೇಕು, ಹನಿ ಬೀಳಬಾರದು. ನಾನು ಗೂಡಿನ ಕಡೆ ನೋಡಿದೆ. ಅವ್ವನಿಗೆ ಕಣ್ಣು ಕಾಣುವುದಿಲ್ಲ ನಿಜ, ಆದರೂ ನಾನು ಎಲ್ಲಿ ನೋಡುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು. "ಅದರ ಸುದ್ದಿ ತಗೀಬ್ಯಾಡ" ಎಂದಳು. ನಾನು ಮುಖವನ್ನು ಮತ್ತೆ ಫೋನಿನ ಕಡೆ ತಿರುಗಿಸಿದೆ.

ಆಗ ದೇವದುರ್ಗದಿಂದ ಫೋನ್ ಬಂತು, ಬಸಣ್ಣನದು. ಬಸಣ್ಣ ಅತ್ತೆಯ ಜೊತೆ ನೇರವಾಗಿ ಮಾತಾಡುವವನಲ್ಲ, ಏನಿದ್ದರೂ ನೀಲಾಳ ಬಾಯಿಂದಲೇ. ಅವತ್ತು, "ಅತ್ತಿಗಿ ಕೊಡ್ರಿ ಅಕ್ಕಾ" ಎಂದ. ನಾನು ಸ್ಪೀಕರ್ ಹಾಕಿ ಅವ್ವನ ಮುಂದೆ ಹಿಡಿದೆ.

"ಹೇಳಪ್ಪಾ. ಮಳಿ ಬಂತೇನು?" ಅವ್ವ ಕೇಳಿದಳು.

"ಬರೂ ಹಾಂಗ ಅದರೀ. ಹೊಲದಾಗ ನಿಂತೀನಿ. ಮ್ವಾಡ ನೆತ್ತಿ ಮ್ಯಾಲ ಬಂದು ನಿಂತದ, ತಂಪು ಗಾಳಿ ಬೀಸಾಕತ್ತದ." ಗಾಳಿಯ ಸದ್ದು ಫೋನಿನಲ್ಲೂ ಕೇಳಿಸುತ್ತಿತ್ತು. "ಅತ್ತಿ, ಆ ಸೇರು ಬೋರಲ ಹಾಕ್ರಿ."

ಅವ್ವ ಫೋನಿನಿಂದ ಮುಖ ಹಿಂದೆ ತೆಗೆದಳು.

"ಒಂದ ಓವರ್ ಆಗೂತನಕ ಹಾಕ್ರಿ ಸಾಕು."

"ತಿಳದು ಮಾತಾಡಪ್ಪಾ. ಕಟ್ಟಿದ್ರ ಬರೇ ಅಲ್ಲಿಂದು ನಿಲ್ಲಂಗಿಲ್ಲ. ನಿನ್ನ ನೆತ್ತಿ ಮ್ಯಾಲಿಂದೂ ನಿಲ್ತದ."

"ಗೊತ್ತದರೀ."

"ಸಸಿ ಒಣಗತಾವು."

"ಒಣಗಿದ್ರ ಮತ್ತ ಬಿತ್ತತೀನ್ರಿ. ಹೊಲಾ ಎಲ್ಲಿಗೂ ಹೋಗಂಗಿಲ್ಲ. ಆಕಿಗಿ ಇದು ಮತ್ತ ಸಿಗಂಗಿಲ್ಲ ಅತ್ತಿ."

ನಮ್ಮ ಮನೆಯವರು ನಕ್ಷೆ ನೋಡುವುದನ್ನು ಬಿಟ್ಟು ತಲೆ ಎತ್ತಿದರು. ಇದರಿಂದ ಮಳೆ ನಿಲ್ಲುತ್ತದೆಯೋ ಬಿಡುತ್ತದೆಯೋ, ಅದು ಬೇರೆ ಮಾತು. ಕೇಳಿದವನು ನಿಲ್ಲುತ್ತದೆ ಎಂದೇ ನಂಬಿದ್ದ, ನಂಬಿಯೇ ಕೇಳಿದ್ದ. ಅವ್ವ ಮೊಳಕಾಲು ನೀವಿಕೊಂಡಳು. ಆಮೇಲೆ, "ಸೇರು ತಾ" ಎಂದಳು. "ಒಂದು ಹಿಡಿ ನೆಲ್ಲು ತಾ."

ಸೇರು ತಂದೆ. ಭತ್ತ ಎಲ್ಲಿಂದ ತರಲಿ? ಅಕ್ಕಿ ಇದೆ, ಬಾಸುಮತಿಯೂ ಇದೆ. ಗಿರಣಿಯಲ್ಲಿ ಹುಟ್ಟಿ ಬೆಳೆದವಳ ಮನೆಯಲ್ಲಿ ಒಂದು ಹಿಡಿ ಭತ್ತ ಇಲ್ಲ. ಅಕ್ಕಿ ನಡೆಯುತ್ತದೆಯೇ ಎಂದು ಕೇಳಿದೆ. "ಅಕ್ಕಿ ತೋಯ್ದ್ರ ಅನ್ನ ಆಗ್ತದ, ಅದಕ್ಯಾಕ ಮಳಿ ಕಟ್ಟಬೇಕು?" ಎಂದಳು ಅವ್ವ. ಡಬ್ಬಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ ನಾನು ಅಡುಗೆಮನೆಯನ್ನೆಲ್ಲ ಕೆದಕುತ್ತಿದ್ದರೆ ಹಿಂದಿನಿಂದ ಸ್ಟೂಲು ಎಳೆದ ಸದ್ದಾಯಿತು. ನಮ್ಮ ಮನೆಯವರು ಸ್ಟೂಲಿನ ಮೇಲೆ ನಿಂತು, ತಲೆಬಾಗಿಲಿಗೆ ಕಟ್ಟಿದ್ದ ಭತ್ತದ ತೆನೆಯ ತೋರಣದಿಂದ ಕಾಳು ಉದುರಿಸಿಕೊಳ್ಳುತ್ತಿದ್ದರು. ನಾಲ್ಕು ಮಾತು ಆಡಿದರೆ ಅದರಲ್ಲಿ ಎರಡು ಮೂಢನಂಬಿಕೆಯ ವಿರುದ್ಧ ಆಡುವವರು ಅವರು. ಮುಷ್ಟಿಯನ್ನು ಅತ್ತೆಯ ಕೈಯಲ್ಲಿ ಬಿಚ್ಚಿ, "ಇಷ್ಟು ಸಾಕೇನ್ರಿ ಅತ್ತಿ?" ಎಂದು ಕೇಳಿದರು.

ಅವ್ವ ತಲೆಬಾಗಿಲ ಪಕ್ಕ ಕೂತು ಕಾಳು ಇಟ್ಟು ಸೇರು ಬೋರಲು ಹಾಕಿದಳು. ಅಂಗೈಯನ್ನು ಅದರ ತಳದ ಮೇಲೆ ಒತ್ತಿ ಹಿಡಿದು ಕೂತಳು. ನಾವಿಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು. ಫೋನಿನಲ್ಲಿ ಖಾಲಿ ಮೈದಾನ. ಎಷ್ಟೋ ಹೊತ್ತಿನ ಮೇಲೆ ಇಬ್ಬರು ಅಂಪೈರುಗಳು ನಡೆದು ಬಂದು ಅಂಗೈ ಚಾಚಿ ನಿಂತರು. ಆಮೇಲೆ ಕೈ ಬೀಸಿ ಹುಡುಗಿಯರನ್ನು ಕರೆದರು.

ಗಿರಿಜಾಳ ಕೈಗೆ ಚೆಂಡು ಬಂತು. ಈ ಓವರಿನಲ್ಲಿ ಎಂಟು ರನ್ನಿನವರೆಗೆ ಕೊಟ್ಟರೆ ಮಳೆಯ ನಿಯಮದ ಲೆಕ್ಕದಲ್ಲಿ ಪಂದ್ಯ ನಮ್ಮದು, ಒಂಬತ್ತಾದರೆ ಅವರದು ಎಂದು ಮೇಡಂ ಬರೆದಿದ್ದರು. ಅವಳು ಒದ್ದೆ ಚೆಂಡನ್ನು ಅಂಗಿಗೆ ಒರೆಸಿಯೇ ಒರೆಸಿದಳು. ಮೊದಲ ಎಸೆತ ಕೈಯಿಂದ ಜಾರಿತು, ಬ್ಯಾಟಿನ ಮುಂದೆಯೇ ಬಿತ್ತು, ಎದುರಿನವಳು ಬಾರಿಸಿದಳು. ನಾಲ್ಕು. "ಏನಾತು?" ಎಂದಳು ಅವ್ವ. "ಏನಿಲ್ಲವ್ವ, ಚಲೋ ಹಾಕಾಕತ್ತಾಳ" ಎಂದೆ. ಎರಡನೆಯದಕ್ಕೆ ಎರಡು ರನ್ನು. ನಮ್ಮ ಮನೆಯವರು ಎದ್ದು ಹೋಗಿ ನೀರು ಕುಡಿದು ಬಂದರು. ಮೂರನೆಯದು ತಿರುಗಿತು, ಬ್ಯಾಟಿಗೆ ತಾಗಲಿಲ್ಲ. ನಾಲ್ಕನೆಯದೂ ಹಾಗೇ. ಭತ್ತದ ಕಾಳಿನ ಮೇಲೆ ಬಿದ್ದಂತೆ ತಿರುಗಿತು ನೋಡಿ. ಐದನೆಯದಕ್ಕೆ ಒಂದು ರನ್ನು. ಏಳಾಯಿತು. ಇನ್ನು ಒಂದಾದರೆ ಪರವಾಗಿಲ್ಲ, ಎರಡಾದರೆ ಎಲ್ಲವೂ ಹೋಯಿತು.

ಆರನೆಯ ಎಸೆತವನ್ನು ಎದುರಿನವಳು ಮರದ ಪಕ್ಕಕ್ಕೆ ತಳ್ಳಿದಳು. ಚೆಂಡು ಚಿತ್ರದಿಂದ ಹೊರಗೆ ಹೋಯಿತು. ಇಬ್ಬರೂ ಓಡಿ ಒಂದು ರನ್ನು ಮುಗಿಸಿದರು. ಎರಡನೆಯದಕ್ಕೆ ತಿರುಗಿದರು. ಗಿರಿಜಾ ವಿಕೆಟ್ಟಿನ ಹತ್ತಿರ ಬಂದು ಎರಡೂ ಕೈ ಚಾಚಿ ನಿಂತಳು. ಅಲ್ಲಿಗೆ ಚಿತ್ರ ನಿಂತುಹೋಯಿತು. ಅವಳ ಚಾಚಿದ ಕೈ, ಓಡುತ್ತಿರುವವಳ ಒಂದು ಕಾಲು ನೆಲದಿಂದ ಮೇಲೆ, ನಡುವೆ ತಿರುಗುತ್ತಿರುವ ಸಣ್ಣ ಉಂಗುರ.

"ಮುಗೀತೇನು?" ಅವ್ವ ಕೇಳಿದಳು.

"ಗೊತ್ತಿಲ್ಲವ್ವ. ನೆಟ್ ಹೋತು. ಗೆದ್ರೋ ಸೋತ್ರೋ..."

"ಅದನ್ನ ಕೇಳಿಲ್ಲ ನಾ. ಓವರ್ ಮುಗೀತೇನು?"

"ಮುಗೀತು."

ಅವ್ವ ಆ ಕ್ಷಣವೇ ಸೇರು ಎತ್ತಿದಳು. ಗೆದ್ದರೆಂದು ತಿಳಿಯುವವರೆಗೂ ಕಾಯಲಿಲ್ಲ. ಎತ್ತಿದ ಸೇರನ್ನು ಎದೆಗೆ ಅವುಚಿಕೊಂಡು, "ಬಸಣ್ಣಗ ಫೋನ್ ಹಚ್ಚು" ಎಂದಳು.

ಫೋನ್ ಹಚ್ಚುವ ಮೊದಲೇ ಮೇಡಂ ಅವರ ಸಂದೇಶ ಬಂತು. ರನ್ ಔಟ್. ಗಿರಿಜಾ ಚೆಂಡು ಹಿಡಿದು ಬೇಲ್ಸ್ ಎಗರಿಸಿದ್ದಾಳೆ, ಗೆದ್ದೆವು, ಈಗ ಇಲ್ಲಿ ಜೋರು ಮಳೆ. ಸೇರು ಎತ್ತಿದ್ದಕ್ಕೇ ಮಳೆ ಬಂತು ನೋಡಿ ಎಂದು ನಾನು ಕುಣಿದಾಡಿದೆ. ಫೋನಿನ ಚಿತ್ರ ಹಿಂದೆ ಬೀಳುತ್ತದೆ, ನೀವು ಸೇರು ಎತ್ತುವ ಮೊದಲೇ ಅಲ್ಲಿ ಮಳೆ ಶುರುವಾಗಿರುತ್ತದೆ ಎಂದು ನಮ್ಮ ಮನೆಯವರು ಲೆಕ್ಕ ಹೇಳಿದರು. ಸ್ಟೂಲು ಇನ್ನೂ ತಲೆಬಾಗಿಲಲ್ಲೇ ಇತ್ತು.

ಬಸಣ್ಣ ಫೋನ್ ಎತ್ತಿದ. ಗೆದ್ದ ಸುದ್ದಿ ಆಗಲೇ ತಲುಪಿತ್ತು. ನೀಲಾ ಹಿಂದೆ ಅಳುತ್ತಲೋ ನಗುತ್ತಲೋ ಇದ್ದಳು. "ಮಳಿ?" ಎಂದು ಕೇಳಿದಳು ಅವ್ವ.

"ಮ್ವಾಡ ಸರದು ಹೋತರೀ ಅತ್ತಿ. ಇರ್ಲಿ ಬಿಡ್ರಿ. ಆಕಿ ಮೊದಲನೇ ಬಾಲಿಗೇ ನಾಕು ಯಾಕ ಕೊಟ್ಲಂತ?"

ಅವ್ವ ನಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದವಳೇ ಗೂಡಿನ ಹತ್ತಿರ ಹೋಗಿ, ನೆಟ್ಟಗೆ ಕೂತಿದ್ದ ಸೇರನ್ನು ತಡವಿ ನೋಡಿ, ಎತ್ತಿ ಮತ್ತೆ ಇಟ್ಟಳು. ಅದರ ಮರುದಿನವೂ ಅಷ್ಟೇ. ದೇವದುರ್ಗದಲ್ಲಿ ಮಳೆ ಬರಲಿಲ್ಲ. ಸಮುದ್ರದ ಗಾಳಿ, ಒತ್ತಡ ಎಂದೆಲ್ಲ ನಾನು ಅವಳಿಗೆ ಪಾಠ ಹೇಳಿದೆ. ಅವಳು ತಲೆಯಾಡಿಸಿದಳು, ಬೆಳಿಗ್ಗೆ ಮತ್ತೆ ಸೇರು ತಡವಿದಳು. ಅವಳು ಸ್ನಾನಕ್ಕೆ ಹೋದಾಗ ಪಾಠ ಹೇಳಿದ ಟೀಚರೂ ಹೋಗಿ ಅದು ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದಳು. ಸಸಿ ಒಣಗಿದವು ಎಂದು ನೀಲಾ ಒಮ್ಮೆ ಬಾಯಿತಪ್ಪಿ ಹೇಳಿದಳು. ಅದನ್ನು ಅವ್ವನಿಗೆ ಹೇಳಬಾರದೆಂದು ನಾವಿಬ್ಬರೂ ಮಾತಾಡಿಕೊಂಡೆವು. ಅವಳ ಕಿವಿ ಚುರುಕು ಎಂದು ಆಗಲೇ ಹೇಳಿದ್ದೇನೆ.

ಗಿರಿಜಾ ಊರಿಗೆ ಬಂದಳು. ಮೊದಲು ರಾಯಚೂರಿನ ನಮ್ಮ ಮನೆಗೇ. ನಾಯಕಿ ಅವಳಿಗೆ ಆ ಪಂದ್ಯದ ಚೆಂಡನ್ನು ಕೊಟ್ಟಿದ್ದಳು. ಅದನ್ನು ತಂದು, "ಆಯಿ, ಇದು ನಿಂದು" ಎಂದು ಅವ್ವನ ಕೈಯಲ್ಲಿಟ್ಟಳು. ಅವ್ವ ಹೊಲಿಗೆಯ ಮೇಲೆ ಬೆರಳಾಡಿಸಿದಳು, ಮೂಸಿ ನೋಡಿದಳು. ಎದ್ದು ಹೋಗಿ ಅದನ್ನು ಸೇರಿನಲ್ಲಿ ಹಾಕಿದಳು. "ಇನ್ನ ಇದನ್ನ ಬೋರಲ ಹಾಕೂದು ಬ್ಯಾಡ" ಎಂದಳು. ಹುಡುಗಿ ಮರುದಿನವೇ ದೇವದುರ್ಗದ ಬಸ್ಸು ಹತ್ತಿದಳು. ಅಪ್ಪ ಮತ್ತೆ ಬಿತ್ತುತ್ತಿದ್ದಾನೆ, ಕೈಗೆ ಕೈ ಬೇಕು ಎಂದು.

ಎರಡನೆಯ ಬಿತ್ತನೆಯಾದ ಮೇಲೆ ಒಂದು ಮಧ್ಯಾಹ್ನ ಬಸಣ್ಣ ತಾನಾಗಿಯೇ ಫೋನ್ ಮಾಡಿದ. ಫೋನನ್ನು ಬಾಗಿಲ ಹೊರಗೆ ಹಿಡಿದಿರಬೇಕು, ತಗಡಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸಿತು. ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೇಳಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಬಸಣ್ಣ, ಮೊದಲ ಬಿತ್ತಿದ್ದು ಪೂರಾ ಹೋತಲ್ಲಪ್ಪಾ. ನನ್ನ ಮ್ಯಾಲ ಸಿಟ್ಟದೇನು?"

"ಯಾಕ್ರಿ ಅತ್ತಿ?" ಎಂದ ಅವನು. "ಮೊದಲ ಸಲ ಒಬ್ಬಾಂವನ ಬಿತ್ತಿದ್ದೆ. ಈ ಸಲ ಗಿರಿಜಾ ಸಂಗಟ ಇದ್ಲು. ಇಡೀ ಹೊಲ ಮುಗಿಯೂತನಕ ಆ ಒಂದ ಓವರಿಂದೇ ಮಾತು."

ಅವ್ವ ಫೋನನ್ನು ನನ್ನ ಕೈಗೆ ಕೊಟ್ಟಳು. ಗೂಡಿನ ಕಡೆ ಒಮ್ಮೆ ಮುಖ ಮಾಡಿ, "ಚಾ ಇಡು" ಎಂದಳು.